ಅಷ್ಟು ಜಾಗ ಬಿಟ್ಟು ನಿಂತರೆ ನುಗ್ಗಿಬಿಡಲ್ವಾ?

ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಮತ್ತು ನೌಕಾ ಅಕಾಡೆಮಿಗಳ ನಡುವಿನ ಆರ್ಮಿ-ನೇವಿ ಕಾಲೇಜು ಪಂದ್ಯದ (ಅಮೆರಿಕನ್ ಫುಟ್‌ಬಾಲ್) ದಿನ ನಮ್ಮ ಮನೆಯಲ್ಲಿ ನಾಲ್ಕೈದು ಕನ್ನಡ ಕುಟುಂಬಗಳು ಸೇರುತ್ತವೆ. ಅರ್ಧ ಜನಕ್ಕೆ ಆಟಕ್ಕಿಂತ ಬಜ್ಜಿ ಮುಖ್ಯ. ಆದರೂ ಯಾರಾದರೊಬ್ಬರು ಟಿವಿ ಕಡೆ ಕೈ ತೋರಿಸಿ ಕೇಳಿಯೇ ಕೇಳುತ್ತಾರೆ: "ಇದೇನ್ರೀ, ಹಲ್ಲು ಬಿದ್ದ ಬಾಯಿ ಥರ ಮಧ್ಯೆ ಮಧ್ಯೆ ಜಾಗ ಬಿಟ್ಕೊಂಡು ನಿಂತಿದಾರೆ? ಆ ಕಡೆಯವರು ಸಂದೀಲಿ ನುಗ್ಗಿಬಿಡಲ್ವಾ?"

ನುಗ್ಗುತ್ತಾರೆ, ಕೆಲವು ಸಲ. ಅದಕ್ಕೆ ಆಮೇಲೆ ಬರ್ತೀನಿ.

ಮುಂದಿನ ಸಾಲಿನಲ್ಲಿ ಐದು ದಪ್ಪ ಆಳುಗಳು: ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಆಚೆಗೆ ಟ್ಯಾಕಲ್. ಒಬ್ಬೊಬ್ಬರ ನಡುವೆ ಒಂದಡಿ ಬಿಡುವ ಬದಲು ಮೂರಡಿ ಬಿಟ್ಟರೆ ನಾಲ್ಕು ಸಂದುಗಳಿಂದ ಸಾಲು ಒಟ್ಟು 8 ಅಡಿ ಹೆಚ್ಚು ಅಗಲವಾಗುತ್ತದೆ. ಮೈದಾನದ ಅಗಲವೇ 160 ಅಡಿ. ಅದರಲ್ಲಿ 8 ಅಡಿ ಯಾವ ಲೆಕ್ಕ ಅನ್ನಿಸಬಹುದು. ಆದರೆ ಟ್ಯಾಕಲ್‌ನ ಎದುರು ನಿಂತ ಡಿಫೆನ್ಸ್ ಆಟಗಾರನನ್ನು ಕೇಳಿ ನೋಡಿ.

ಹೀಗೆ ನಿಲ್ಲುವುದು ಆಪ್ಷನ್ ಆಟಕ್ಕೆ: ಎದುರಾಳಿಯ ನಡೆ ನೋಡಿ, ಚೆಂಡು ಯಾರ ಕೈಗೆ ಅಂತ ಆಡುತ್ತಲೇ ತೀರ್ಮಾನಿಸುವ ಆಟ. ಇದರಲ್ಲಿ ಅವನನ್ನು ಯಾರೂ ತಡೆಯುವುದೇ ಇಲ್ಲ. ಬೇಕಂತಲೇ ಬಿಟ್ಟಿರುತ್ತಾರೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು, ಹಿಂದಿನಿಂದ ನೇರ ನುಗ್ಗುವ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದು ಇವನನ್ನೇ ನೋಡುತ್ತಿರುತ್ತಾನೆ. ಇವನು ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡು ಎಳೆದುಕೊಂಡು ಹೊರಗೆ ಓಟ. ಬೀಳದಿದ್ದರೆ ಚೆಂಡು ಕೊಟ್ಟುಬಿಡುವುದು. ಹೊರಗೆ ಓಡಿದಾಗ ಮತ್ತೊಬ್ಬ ಸಿಗುತ್ತಾನೆ, ಅವನೂ ಬಿಟ್ಟವನೇ. ಅವನು ಕ್ವಾರ್ಟರ್‌ಬ್ಯಾಕ್ ಮೇಲೆ ಬಂದರೆ ಪಕ್ಕದಲ್ಲಿ ಓಡುತ್ತಿರುವವನಿಗೆ ಪಿಚ್, ಅಂದರೆ ಪಕ್ಕಕ್ಕೆ ಎಸೆತ. ಇಬ್ಬರನ್ನು ಮುಟ್ಟದೆಯೇ ಆಟದಿಂದ ಹೊರಗಿಟ್ಟಂತಾಯಿತು. ಉಳಿದ ತಡೆಗಾರರು ಎದುರಾಳಿಯ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗಳ ಮೇಲೆ ಹೋಗಬಹುದು.

ಈಗ ಜಾಗದ ವಿಷಯ. ಸಾಲು ಒತ್ತಾಗಿದ್ದರೆ ಆ ಒಂಟಿ ಕಾವಲುಗಾರ ಎರಡೂ ಬಾಗಿಲು ನೋಡಿಕೊಳ್ಳಬಲ್ಲ: ಒಳಗೆ ಫುಲ್‌ಬ್ಯಾಕ್‌ಗೆ ಒಂದು ಕೈ ಅಡ್ಡ ಹಾಕಿ, ಎರಡೇ ಹೆಜ್ಜೆಯಲ್ಲಿ ಹೊರಗೆ ಕ್ವಾರ್ಟರ್‌ಬ್ಯಾಕ್ ಹತ್ತಿರ. ಬಾಗಿಲುಗಳನ್ನು ದೂರ ಮಾಡಿ, ಆಗ ಗೊತ್ತಾಗುತ್ತದೆ. ಟ್ಯಾಕಲ್ ಜೊತೆ ಅವನೂ ಹೊರಗೆ ಸರಿದರೆ ಫುಲ್‌ಬ್ಯಾಕ್‌ಗೆ ಒಳಗೆ ಗಾಡಿ ಹೋಗುವಷ್ಟು ದಾರಿ. ಸರಿಯದೆ ಒಳಗೇ ನಿಂತರೆ ಹೊರಗಿನ ಓಟಕ್ಕೆ ಅವನು ಆಗಲೇ ಹಿಂದೆ ಬಿದ್ದಿದ್ದಾನೆ. ಆಟ ಶುರುವಾಗುವ ಮೊದಲೇ, ಕಾಲು ಎಲ್ಲಿಡಬೇಕು ಅನ್ನುವಲ್ಲೇ ಅವನಿಗೆ ಪೇಚು.

ಇದು ಹೊಸ ಬುದ್ಧಿಯಲ್ಲ. ಮಿಸೌರಿ ವಿಶ್ವವಿದ್ಯಾಲಯದ ಕೋಚ್ ಡಾನ್ ಫೋರೊ 1941ರಲ್ಲಿ ಸ್ಪ್ಲಿಟ್-ಟಿ ಅನ್ನುವ ಇಂಥದೇ ಅಗಲ ಸಾಲಿನ ಆಟ ಶುರು ಮಾಡಿದಾಗ ಅವರ ತಲೆಯಲ್ಲಿದ್ದದ್ದು ಬ್ಯಾಸ್ಕೆಟ್‌ಬಾಲ್: ಓಡಿ ಬರುವ ಇಬ್ಬರ ಎದುರು ಒಬ್ಬನೇ ಕಾವಲು, ಅವನು ಯಾರ ಕಡೆ ಹೋದರೂ ಚೆಂಡು ಇನ್ನೊಬ್ಬನಿಗೆ. ಆ ಇಬ್ಬರು ಅಂಟಿಕೊಂಡು ಓಡಿದರೆ ಲಾಭವೇ ಇಲ್ಲ ತಾನೆ? ಯುದ್ಧದ ಕಾಲದಲ್ಲಿ ನೌಕಾಪಡೆಯ ತರಬೇತಿ ಶಿಬಿರದಲ್ಲಿ ಫೋರೊ ಕೈಕೆಳಗೆ ಇದನ್ನು ಕಲಿತ ಬಡ್ ವಿಲ್ಕಿನ್ಸನ್, ಒಕ್ಲಹೋಮಕ್ಕೆ ಹೋಗಿ 1953ರಿಂದ 1957ರವರೆಗೆ ಸತತ 47 ಪಂದ್ಯ ಗೆಲ್ಲಿಸಿದರು.

ಸರಿ, ನುಗ್ಗುವುದು. ನುಗ್ಗಿದವನಿಗೆ ಎರಡು ತೊಂದರೆ. ಫುಲ್‌ಬ್ಯಾಕ್ ಹತ್ತಿರವೇ ನಿಂತಿರುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ದಾಟಿರುತ್ತಾನೆ. ನುಗ್ಗಿದವನು ಒಂದು ಸಂದು ಆರಿಸಿಕೊಂಡಿದ್ದಾನೆ ಅಂದರೆ ಇನ್ನೊಂದನ್ನು ಬಿಟ್ಟಿದ್ದಾನೆ. ಎರಡನೆಯದು ಬಹಳ ಜನ ಗಮನಿಸದ್ದು. ಈ ತಂಡಗಳ ಸಾಲು ಚೆಂಡಿನಿಂದ ಕೊಂಚ ಹಿಂದಕ್ಕೆ ನಿಂತಿರುತ್ತದೆ. ಸೆಂಟರ್‌ನ ಸೊಂಟದ ಮಟ್ಟಕ್ಕೆ ಹೆಲ್ಮೆಟ್ ಇದ್ದರೆ ನಿಯಮಕ್ಕೆ ಸಾಕು. ಆ ಒಂದಿಷ್ಟು ಹಿಂದೆ ಸಿಗುವ ಸಮಯದಲ್ಲಿ ಗಾರ್ಡ್, ನುಗ್ಗುವವನು ಯಾವ ಕಡೆ ವಾಲುತ್ತಿದ್ದಾನೆ ಅಂತ ನೋಡಿ ಅವನನ್ನು ಅದೇ ಕಡೆಗೆ ಇನ್ನಷ್ಟು ದಬ್ಬುತ್ತಾನೆ. ಸೆಂಟರ್ ಪಕ್ಕದ ಸಂದು ಮಾತ್ರ ನಿಜವಾಗಿ ಅಪಾಯ. ಅಲ್ಲಿಂದ ಒಬ್ಬ ಬಂದು ಚೆಂಡು ಕೈ ಬದಲಾಗುವ ಕ್ಷಣಕ್ಕೆ ಗುದ್ದಿದರೆ ಚೆಂಡು ನೆಲಕ್ಕೆ. ಅದಕ್ಕೇ ಎಷ್ಟೋ ಕೋಚ್‌ಗಳು ಅದೊಂದನ್ನು ಸ್ವಲ್ಪ ಕಿರಿದಾಗಿ ಇಡುತ್ತಾರೆ.

ಸೇನಾ ಅಕಾಡೆಮಿಗಳಿಗೆ ಇದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಅಧಿಕಾರಿಗಳಾಗುವ ಹುಡುಗರು. ನೂರೈವತ್ತು ಕಿಲೋ ತೂಗುವಂತಿಲ್ಲ. ಎದುರಾಳಿಯನ್ನು ದಬ್ಬಲಾಗದಿದ್ದರೆ ಅವನೇ ಸರಿಯುವಂತೆ ಮಾಡಬೇಕು. 2018ರಲ್ಲಿ ಆರ್ಮಿ, ಬಲಾಢ್ಯ ಒಕ್ಲಹೋಮದ ಊರಿಗೇ ಹೋಗಿ 60 ನಿಮಿಷದ ಆಟದಲ್ಲಿ ಹೆಚ್ಚೂಕಮ್ಮಿ 45 ನಿಮಿಷ ಚೆಂಡು ತನ್ನ ಹತ್ತಿರವೇ ಇಟ್ಟುಕೊಂಡಿತ್ತು. ಓವರ್‌ಟೈಮ್‌ನಲ್ಲಿ 28-21ರಿಂದ ಸೋತಿತು, ನನಗೆ ಈಗಲೂ ಹೊಟ್ಟೆಯುರಿ.

"ಹಾಗಾದ್ರೆ ಎನ್‌ಎಫ್‌ಎಲ್‌ನಲ್ಲಿ ಯಾಕಿಲ್ಲ?" ಇದು ವೃತ್ತಿಪರ ಲೀಗ್ ಬಗ್ಗೆ ಎರಡನೇ ಪ್ರಶ್ನೆ, ಸಾಮಾನ್ಯವಾಗಿ ಎರಡನೇ ತಟ್ಟೆ ಬಜ್ಜಿ ಹೊತ್ತಿಗೆ. ಕೋಟಿಗಟ್ಟಲೆ ಡಾಲರ್ ಕೊಟ್ಟ ಕ್ವಾರ್ಟರ್‌ಬ್ಯಾಕ್‌ನನ್ನು ದಿನಕ್ಕೆ ಇಪ್ಪತ್ತು ಸಲ ಗುದ್ದಿಸಿಕೊಳ್ಳಲು ಯಾರೂ ಬಿಡುವುದಿಲ್ಲ, ಅಷ್ಟೇ. ಅಗಲ ಸಾಲಿನಿಂದ ಪಾಸ್ (ಮುಂದಕ್ಕೆ ಎಸೆತ) ಹಾಕಲು ಆಗುವುದೇ ಇಲ್ಲ ಅನ್ನುವುದು ಸುಳ್ಳು. ಟೆಕ್ಸಸ್ ಟೆಕ್‌ನಲ್ಲಿ ಕೋಚ್ ಮೈಕ್ ಲೀಚ್ ಹೀಗೇ ದೂರ ದೂರ ನಿಲ್ಲಿಸಿ, ಹೊರಗಿನಿಂದ ಬರುವವರು ಸುತ್ತಿ ಬರುವಷ್ಟರಲ್ಲಿ ಚೆಂಡು ಎಸೆದುಬಿಡಿಸುತ್ತಿದ್ದರು. ಆದರೆ ಅವರ ಹುಡುಗರು ದಿನವಿಡೀ ಅಭ್ಯಾಸ ಮಾಡುತ್ತಿದ್ದದ್ದೇ ಎಸೆತ. ಆಪ್ಷನ್ ತಂಡಕ್ಕೆ ಆ ಪುರುಸೊತ್ತಿಲ್ಲ. ಮೂರನೇ ಡೌನ್ (ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ಇನ್ನೂ 12 ಗಜ ಬಾಕಿ ಅಂತ ಪರದೆ ಮೇಲೆ ಬಂದರೆ ನಾನೂ ಬಜ್ಜಿ ತಟ್ಟೆ ಕಡೆ ತಿರುಗುತ್ತೇನೆ.