ಗೂಡು ಯಾರದೆಂದು ಮೊದಲು ನೋಡಬೇಕು

ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಹೊರಗೋಡೆಯ ಬಿರುಕಿನೊಳಗೆ ತುಡುವೆ ಜೇನು ಸೇರಿಕೊಂಡಿತ್ತು. ಮಕ್ಕಳು ಓಡಾಡುವ ಜಾಗವೆಂಬ ಆತಂಕದಲ್ಲಿ ನಾನು ಹಿಂದುಮುಂದು ನೋಡದೆ ಬಿರುಕಿಗೆ ಕೀಟನಾಶಕ ಹೊಡೆಸಿ, ಮೇಲೆ ಸಿಮೆಂಟು ಮೆತ್ತಿಸಿದೆ. ಮೂರು ವಾರ ಕಳೆಯುವಷ್ಟರಲ್ಲಿ ಒಳಗೋಡೆಯ ಸುಣ್ಣದ ಮೇಲೆ ಅಂಗೈಯಗಲದ ಕಂದು ಕಲೆಯೊಂದು ಮೂಡಿತು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು, ಹುಳಿ ವಾಸನೆ ಬರುತ್ತಿತ್ತು, ಅಂಚಿನುದ್ದಕ್ಕೂ ಇರುವೆ ಸಾಲುಗಟ್ಟಿತ್ತು. ಜೀವಂತವಾಗಿರುವ ಜೇನುಹುಳುಗಳು ರೆಕ್ಕೆ ಬೀಸಿ ಗೂಡನ್ನು ತಂಪಾಗಿಟ್ಟುಕೊಳ್ಳುತ್ತವೆ. ಅವು ಸತ್ತ ಮೇಲೆ ಸೆಕೆಗೆ ಮೇಣ ಮೆದುವಾಗಿ, ಎರಿಗಳು ಕುಸಿದು, ತುಪ್ಪ ಗೋಡೆಯೊಳಗೆ ಇಳಿಯುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಕೊನೆಗೆ ಗೋಡೆಯನ್ನೇ ಒಡೆಸಬೇಕಾಯಿತು. ಜೇನು ಸಾಕುವವರನ್ನು ಮೊದಲೇ ಕರೆದಿದ್ದರೆ ಅವರು ಎರಿಗಳನ್ನು ಬಿಡಿಸಿ, ರಾಣಿಯ ಸಮೇತ ಕುಟುಂಬವನ್ನು ಪೆಟ್ಟಿಗೆಗೆ ಸೇರಿಸಿಕೊಂಡು ಹೋಗುತ್ತಿದ್ದರು. ಅಷ್ಟು ಜೀವಗಳು ಉಳಿಯುತ್ತಿದ್ದವು.

ಅಂದಿನಿಂದ ಮನೆಯ ಸುತ್ತ ಯಾವ ಗೂಡು ಕಂಡರೂ, ಅದು ಯಾರದೆಂದು ತಿಳಿಯುವವರೆಗೆ ನಾನು ಕೈ ಹಾಕುವುದಿಲ್ಲ.

ಕಿಟಕಿಯ ಚೌಕಟ್ಟಿಗೆ ಹಸಿಮಣ್ಣು ಮೆತ್ತುವ ಕುಂಬಾರ ಹುಳುವಿಗೆ ಹೆದರಬೇಕಾಗಿಯೇ ಇಲ್ಲ. ಅದು ಒಂಟಿಯಾಗಿ ಬದುಕುವ ಕಡಜ; ಗುಂಪಾಗಿ ಮೇಲೆರಗಲು ಅದಕ್ಕೆ ಗುಂಪೇ ಇಲ್ಲ. ಗಾಜಿನ ಈಚೆಗೆ ಕುಳಿತು ನಾನು ನೋಡಿದ್ದೇನೆ: ಬಟಾಣಿಯಷ್ಟು ಮಣ್ಣಿನುಂಡೆ ತಂದು, ಸಣ್ಣಗೆ ಗುಂಯ್‌ಗುಡುತ್ತ ಅದನ್ನು ಕಮಾನಿನಂತೆ ಒತ್ತಿ, ಮತ್ತೆ ಹಾರಿಹೋಗುತ್ತದೆ. ಕೋಣೆ ಸಿದ್ಧವಾದ ಮೇಲೆ ಕುಟುಕಿ ನಿಶ್ಚಲಗೊಳಿಸಿದ ಜೇಡಗಳನ್ನು ಒಳಗೆ ತುಂಬಿ, ಮೊಟ್ಟೆಯಿಟ್ಟು, ಬಾಯಿ ಮುಚ್ಚುತ್ತದೆ. ಮರಿ ಹೊರಬಿದ್ದ ತೂತು ಕಂಡ ಮೇಲೆ ಮಣ್ಣನ್ನು ಕೆರೆದು ತೆಗೆದರಾಯಿತು.

ಸಜ್ಜದ ಕೆಳಗೆ ಕಾಗದದಂಥ ಗೂಡು ಕಟ್ಟುವ ಕಡಜಗಳ ಮಾತು ಬೇರೆ. ಅವು ಮರದ ನಾರನ್ನು ಅಗಿದು, ಜೊಲ್ಲಿನಲ್ಲಿ ಕಲಸಿ ಆರು ಮೂಲೆಯ ಕೋಣೆಗಳನ್ನು ಕಟ್ಟುತ್ತವೆ, ಹೂಗಿಡಗಳ ಕಂಬಳಿಹುಳುಗಳನ್ನು ಹಿಡಿದೊಯ್ದು ಮರಿಗಳಿಗೆ ಉಣಿಸುತ್ತವೆ. ಎತ್ತರದ ಮೂಲೆಯಲ್ಲಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದೆಂದು ನನ್ನ ಅನಿಸಿಕೆ. ಆದರೆ ಬಾಗಿಲ ಮೇಲೋ, ಬಟ್ಟೆ ಒಣಗಿಸುವ ತಂತಿಯ ಪಕ್ಕದಲ್ಲೋ ಕಟ್ಟಲು ತೊಡಗಿದರೆ, ಒಂದೆರಡು ಹುಳುಗಳಷ್ಟೇ ಇರುವ ಆರಂಭದ ದಿನಗಳಲ್ಲಿಯೇ, ಹುಳು ಹೊರಗೆ ಹೋದ ಹೊತ್ತಿನಲ್ಲಿ ಉದ್ದನೆಯ ಕೋಲಿನಿಂದ ಅದನ್ನು ಬಿಡಿಸಬೇಕು. ತುಂಬಿದ ಗೂಡನ್ನು ಮಾತ್ರ ನಾವಾಗಿ ಮುಟ್ಟಬಾರದು.

ಹಾಗೆಯೇ, ಕೊಂಬೆಗೆ ಒಮ್ಮೆಲೇ ಬಂದು ಗೊಂಚಲಾಗಿ ಜೋತುಬೀಳುವ ತುಡುವೆಯ ಹಿಂಡು ಹಲವು ಸಲ ಹೊಸ ನೆಲೆ ಹುಡುಕುತ್ತ ತಂಗಿದ್ದಷ್ಟೇ ಆಗಿರುತ್ತದೆ. ಕಾಯಲು ಮರಿಯೂ ತುಪ್ಪವೂ ಇಲ್ಲದ ಕಾರಣ ಅದು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಹೊರಟುಹೋಗುತ್ತದೆ. ಹೆಜ್ಜೇನಾದರೆ ದೂರವಿದ್ದು, ಬಲ್ಲವರನ್ನೇ ಕರೆಸಬೇಕು. ಕಲ್ಲು, ಪಂಜು, ಹೊಗೆ ಯಾವುದೂ ನಮ್ಮ ಕೈಯ ಕೆಲಸವಲ್ಲ.

ಜೇನು ಕುಟುಕಿದರೆ ಮುಳ್ಳು ವಿಷದ ಚೀಲದೊಂದಿಗೆ ಚರ್ಮದಲ್ಲಿಯೇ ಉಳಿದು ವಿಷವನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಆದ್ದರಿಂದ ಉಗುರಿನಿಂದಲಾದರೂ ಸರಿ, ಕೂಡಲೇ ಅದನ್ನು ತೆಗೆಯಬೇಕು. ಜೊತೆಗೆ ಹೊಮ್ಮುವ ಬಾಳೆಹಣ್ಣಿನಂಥ ವಾಸನೆ ಉಳಿದ ಜೇನುಗಳನ್ನೂ ಕೆರಳಿಸುವುದರಿಂದ ಅಲ್ಲಿ ನಿಲ್ಲದೆ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ತುಟಿ ಅಥವಾ ನಾಲಿಗೆ ಬಾತರೆ, ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ ಮನೆಮದ್ದಿನಲ್ಲಿ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ಒಡೆಸಿದ ಆ ಗೋಡೆಯಲ್ಲಿ ಅಂಟಿದ್ದ ಮೇಣವನ್ನೆಲ್ಲ ಕೆರೆಸಿ, ತೊಳೆಸಿ, ಆಮೇಲೆ ಬಿರುಕು ಮುಚ್ಚಿಸಿದೆ, ಏಕೆಂದರೆ ಹಳೆಯ ಮೇಣದ ವಾಸನೆ ಹೊಸ ಹಿಂಡನ್ನು ಕರೆತರುತ್ತದೆ. ಈ ವರ್ಷ ನಾಲ್ಕೈದು ಜೇನುಗಳು ಅದೇ ಜಾಗದ ಮುಂದೆ ಸುಳಿದಾಡಿ, ದಾರಿ ಕಾಣದೆ ಹೊರಟುಹೋದವು.