ಅಮ್ಮನ ವಾಕರ್ ಮನೇಲೇ ಉಳೀತು

ಹೋದ ತಿಂಗಳು ಬೆಳಗಿನ ಜಾವ ನಾಲ್ಕು ಗಂಟೆಗೆ ಅಮ್ಮ ಬಚ್ಚಲುಮನೆ ಬಾಗಿಲ ಹತ್ರ ಬಿದ್ರು. 76 ವರ್ಷ ಅವರಿಗೆ, ಬಲಮಂಡಿ ಸವೆದು ಎರಡು ವರ್ಷದಿಂದ ವಾಕರ್ ಹಿಡ್ಕೊಂಡೇ ಓಡಾಡೋದು, ಅವತ್ತು ನಿದ್ದೆಗಣ್ಣಲ್ಲಿ ಗೋಡೆ ಹಿಡ್ಕೊಂಡು ಹೋಗಿದ್ದಾರೆ. ಬಲಗೈ ಊರಿ ಬಿದ್ದಿದ್ರಿಂದ ಮಣಿಕಟ್ಟು ಊದ್ಕೊಂಡಿತ್ತು. 108ಕ್ಕೆ ಫೋನ್ ಮಾಡಿ, ಆಧಾರ್ ಕಾರ್ಡು, ಹಳೇ ರಿಪೋರ್ಟು, ಬಿಪಿ ಮಾತ್ರೆ, ಶಾಲು ಎಲ್ಲಾ ಎತ್ಕೊಂಡೆ, ವಾಕರ್ ಮಂಚದ ಪಕ್ಕದಲ್ಲೇ ಉಳೀತು. ಸ್ಟ್ರೆಚರ್ ಮೇಲೆ ಹೋಗೋರಿಗೆ ಅದ್ಯಾಕೆ ಬೇಕು ಅಂತ ಯೋಚನೇನೇ ಮಾಡ್ಲಿಲ್ಲ.

ಕ್ಯಾಶುಯಾಲ್ಟಿಲಿ ಎಕ್ಸ್‌ರೇ ತೆಗೆದ್ರು, ಮಣಿಕಟ್ಟಿನ ಮೂಳೆ ಮುರಿದಿದೆ ಅಂದ್ರು, ಸೊಂಟಕ್ಕೇನೂ ಆಗಿಲ್ಲ ಅಂತ ಕೇಳಿ ನಾವೆಲ್ಲ ಉಸಿರು ಬಿಟ್ವಿ. ಪಟ್ಟಿ ಹಾಕಿ, ಮಾತ್ರೆ ಬರ್ಕೊಟ್ಟು, ವೀಲ್‌ಚೇರಲ್ಲಿ ಗೇಟಿನ ತನಕ ಬಿಟ್ರು. ಮೂಳೆ ಕೆಲಸ ಅವ್ರು ಚೆನ್ನಾಗೇ ಮಾಡಿದ್ರು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮಲಗಿದ್ದ ಅಮ್ಮನ್ನ ಯಾರೂ ಒಂದ್ಸಲ ಎದ್ದು ನಿಲ್ಲಿಸಿ ನೋಡ್ಲಿಲ್ಲ, ದಿನಾ ಹೆಂಗೆ ನಡೀತೀರಾ ಅಂತ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

ಮನೆಗೆ ಬಂದು ಅಮ್ಮ ವಾಕರ್ ಕಡೆ ಕೈ ಚಾಚಿದ್ರು ನೋಡಿ, ಆಗ ಗೊತ್ತಾಯ್ತು. ವಾಕರ್‌ಗೆ ಎರಡು ಕೈ ಬೇಕು. ಬಲಗೈ ಪಟ್ಟಿಯಲ್ಲಿದೆ. ಅವ್ರ ಮುಖ ಸಣ್ಣದಾಗಿ ಹೋಯ್ತು. ಆ ಎರಡು ದಿನ ಬಚ್ಚಲಿಗೆ ಹೋಗೋದು ತಪ್ಲಿ ಅಂತ ನೀರೇ ಕುಡೀದೆ ಕೂತಿದ್ರು, ನನಗದು ಗೊತ್ತಾಗಿದ್ದು ಆಮೇಲೆ. ಅವತ್ತು ವಾಕರ್ ಸ್ಟ್ರೆಚರ್ ಪಕ್ಕದಲ್ಲಿ ಕಣ್ಣಿಗೆ ಬೀಳೋ ಹಾಗೆ ಇದ್ದಿದ್ರೆ ಯಾರಾದ್ರೂ ಒಬ್ರು ಕೇಳ್ತಿದ್ರು ಅನ್ಸುತ್ತೆ, ಅಜ್ಜಿ ಇನ್ಮೇಲೆ ಇದನ್ನ ಹೆಂಗೆ ಹಿಡೀತಾರೆ ಅಂತ.

ಮೂರನೇ ದಿನ ಫಿಸಿಯೋಥೆರಪಿ ಮಾಡೋ ಹುಡುಗಿ ಮನೆಗೆ ಬಂದ್ಲು. ಮೊಣಕೈ ಊರಿ ತಳ್ಳೋ ವಾಕರ್ ಇರುತ್ತಂತೆ, ನಮ್ಮೂರಲ್ಲಿ ಸಿಗ್ಲಿಲ್ಲ, ಅದಕ್ಕೆ ಎಡಗೈಗೆ ನಾಲ್ಕು ಕಾಲಿನ ಕೋಲು ಕೊಡಿಸಿದ್ಲು. ಕೋಲು ಯಾವಾಗ್ಲೂ ನೋವಿರೋ ಕಾಲಿನ ಎದುರು ಕೈಯಲ್ಲೇ ಇರ್ಬೇಕು, ಬಲಮಂಡಿ ನೋವಾದ್ರೆ ಎಡಗೈ, ಕೋಲೂ ಬಲಗಾಲೂ ಒಟ್ಟಿಗೆ ಮುಂದಕ್ಕೆ, ಆಗ ಭಾರ ಹಂಚಿಹೋಗುತ್ತೆ. ವಾಕರ್ ಬರೋಕೆ ಮುಂಚೆ ಅಮ್ಮ ವರ್ಷಗಟ್ಲೆ ಬಲಗೈಲೇ ಹಿಡಿದಿದ್ರು! ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಗೆ ಸಮ ಬರ್ಬೇಕು ಅಂದ್ಲು. ಹಳೇ ವಾಕರ್ ತಿರುಗಿಸಿ ನೋಡಿದ್ರೆ ರಬ್ಬರ್ ಬುಷ್ ಸವೆದು ಪೈಪು ಟೈಲ್ಸ್‌ಗೆ ತಾಗ್ತಿತ್ತು.

ಆಮೇಲೆ ಒಂದು ಪರೀಕ್ಷೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರೋದು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಅಮ್ಮಂಗೆ 31 ಹಿಡೀತು. ಮಲಗಿದಾಗೊಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿದ್ಲು, ಮೇಲಿನ ನಂಬರು 20ಕ್ಕಿಂತ ಜಾಸ್ತಿ ಇಳಿದಿತ್ತು. ಬೆಳಗಿನ ಜಾವ ಬಿದ್ದಿದ್ದು ಬರೀ ನಿದ್ದೆಗಣ್ಣಿಂದ ಅಲ್ಲ ಅಂತ ಹೇಳಿ ಡಾಕ್ಟರ್ ಹತ್ರ ಕಳಿಸಿದ್ಲು, ಅವ್ರು ಬಿಪಿ ಮಾತ್ರೆ ಬದಲಾಯಿಸಿದ್ರು. ಇದಕ್ಕೆಲ್ಲ ಬೇಕಾಗಿದ್ದು ಒಂದು ಗಡಿಯಾರ, ಒಂದು ಕುರ್ಚಿ, ಬಿಪಿ ಮಿಷಿನ್. ಕ್ಯಾಶುಯಾಲ್ಟಿಲೇ ಆಗ್ಬಹುದಿತ್ತಲ್ವಾ.

ನಿಮ್ಮನೇಲಿ ಹಿಂಗಾದ್ರೆ ಕೋಲು, ವಾಕರ್, ಕನ್ನಡಕ, ಹಿಡಿತ ಇರೋ ಚಪ್ಪಲಿ ಆಂಬುಲೆನ್ಸಿಗೆ ಹಾಕ್ಕೊಂಡೇ ಹೋಗಿ. ಡಿಸ್ಚಾರ್ಜ್ ಅಂದ ತಕ್ಷಣ ಹೊರಡ್ಬೇಡಿ, ಸಿಸ್ಟರ್ ಒಂದ್ಸಲ ನಡೆಸಿ ನೋಡಿ, ಬಚ್ಚಲಿಗೆ ಹೆಂಗೆ ಹೋಗ್ತಾರೆ ಅಂತ ಬಾಯಿಬಿಟ್ಟು ಕೇಳಿ. ಕೊಳ್ಳೋಕೆ ಕಷ್ಟ ಇರೋರಿಗೆ 2017ರಿಂದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ, 60 ದಾಟಿದ ಬಿಪಿಎಲ್ ಕಾರ್ಡಿನವರಿಗೆ ಕೋಲು, ವಾಕರ್ ಫ್ರೀಯಾಗಿ ಕೊಡ್ತಾರೆ, ವಿಚಾರಿಸಿ.

ಅಮ್ಮನ ಆಸ್ಪತ್ರೆ ಫೈಲಿನ ಮೇಲೆ ಈಗ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೀನಿ: ಆಸರೆ ಇಲ್ದೆ ನಡೆಯಲ್ಲ, ಬಲಮಂಡಿ ನೋವು, ಕೋಲು ಎಡಗೈಗೆ, ಎದ್ದಾಗ ಬಿಪಿ ಇಳಿಯುತ್ತೆ.