ಮಾವನ ಬಲಗೈ

13 ಆಗಸ್ಟ್ 2024, ಮಂಗಳವಾರ
ಉಡುಪಿ

ಬೆಳಿಗ್ಗೆ ಬ್ರಹ್ಮಾವರದಿಂದ ಅತ್ತೆಯ ಫೋನ್. "ಮಾವನ ಕೈ ಬಾತಿದೆ ಮಗಾ. ಉಂಗುರ ತೆಗೀಲಿಕ್ಕೇ ಬರುದಿಲ್ಲ."

ಎರಡು ದಿನದಿಂದ ಎಣ್ಣೆ ತಿಕ್ಕುತ್ತಿದ್ದರಂತೆ. ಮಲಗುವಾಗ ನರ ಹಿಡಿದದ್ದು ಅಂತ ಅವರ ಲೆಕ್ಕ. ಹೋಗಿ ನೋಡಿದರೆ ಬಲಗೈ ಬೇರೆ ಯಾರದ್ದೋ ಕೈಯ ಹಾಗೆ ಇತ್ತು. ಎದೆಯ ಮೇಲ್ಗಡೆ ನೀಲಿ ನರಗಳು ಎದ್ದು ಕಾಣುತ್ತಿದ್ದವು. ಕುತ್ತಿಗೆಯ ಬಲಬದಿಯಲ್ಲಿ, ಕಳೆದ ತಿಂಗಳು ಐಸಿಯುನಲ್ಲಿ ಲೈನ್ ಹಾಕಿದ್ದ ಕಲೆ. ಲೈನ್ ಅಂದರೆ ಔಷಧಿ ಕೊಡಲು ದೊಡ್ಡ ರಕ್ತನಾಳದೊಳಗೆ ಇಳಿಸುವ ಸಪೂರ ನಳಿಕೆ. ಸೋಪಿನ ನೊರೆ ಹಚ್ಚಿ ಉಂಗುರ ತೆಗೆದೆ, ಕಾರಿಗೆ ಹತ್ತಿಸಿದೆ. ಸಂತೆಕಟ್ಟೆಯ ಟ್ರಾಫಿಕ್ ಬಗ್ಗೆ ಬರೆಯುವುದಿಲ್ಲ.

ಡಾಪ್ಲರ್, ಅಂದರೆ ರಕ್ತನಾಳದ ಸ್ಕ್ಯಾನ್ ಮಾಡುವ ಡಾಕ್ಟರ್ ಒಳ್ಳೆಯವರು, ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. "ಸರಿಯಿದ್ದ ನಾಳ ಒತ್ತಿದರೆ ಚಪ್ಪಟೆ ಆಗ್ತದೆ, ನೋಡಿ." ಎಡಗಡೆ ಒತ್ತಿದರು. ಕಪ್ಪು ಉರುಟು ಮಾಯ. ಬಲಗಡೆ ಒತ್ತಿದರು. ಉರುಟು ಉರುಟಾಗಿಯೇ ಇತ್ತು. ಇನ್ನೊಮ್ಮೆ ಒತ್ತಿದರು. ಅವರು ಬಾಯಿಬಿಡುವ ಮೊದಲೇ ನನಗೆ ಗೊತ್ತಾಯಿತು.

ಹೆಪ್ಪು. ಕುತ್ತಿಗೆಯಿಂದ ಭುಜದ ತನಕ.

ಕಳೆದ ತಿಂಗಳು ಇಲಿಜ್ವರ ಬಂದಾಗ ಇದೇ ಮನುಷ್ಯನ ರಕ್ತ ನಿಲ್ಲುತ್ತಿರಲಿಲ್ಲ. ವಸಡಿನಿಂದ ರಕ್ತ. ಪ್ಲೇಟ್‌ಲೆಟ್ 18 ಸಾವಿರ. ರಾತ್ರಿ ಒಂದು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ದಾನಿಗಳನ್ನು ಹುಡುಕಿದ್ದೆವು. ಆಗ ರಕ್ತ ಹೆಪ್ಪುಗಟ್ಟಲಿ ದೇವರೇ ಅಂತ ಬೇಡಿದವನು ನಾನೇ.

ಡಾಕ್ಟರ್ ಹೇಳಿದ್ದು ಇಷ್ಟು. ಲೈನ್ ಒಳಗಿರುವಾಗ ನಾಳದ ಗೋಡೆಗೆ ತಾಗುತ್ತಾ ಇರುತ್ತದೆ. ಅಲ್ಲಿ ರಕ್ತ ನಿಧಾನವಾಗುತ್ತದೆ. ದೊಡ್ಡ ಸೋಂಕು, ಹಾಸಿಗೆ ಹಿಡಿದ ದಿನಗಳು ಸೇರಿದರೆ ಹೆಪ್ಪುಗಟ್ಟಲು ಇನ್ನೇನು ಬೇಕು? ತುಂಬ ಜನರಿಗೆ ಆದದ್ದೇ ತಿಳಿಯುವುದಿಲ್ಲವಂತೆ. ಹೆಪ್ಪಾಗದ ಹಾಗೆ ಕೊಡುವ ಇಂಜೆಕ್ಷನ್ನನ್ನು ಮಾವನಿಗೆ ಆಗ ಕೊಡುವ ಹಾಗಿರಲಿಲ್ಲ, ಪ್ಲೇಟ್‌ಲೆಟ್ ಅಷ್ಟು ಕಡಿಮೆ.

ಮಾವ ಸುಮ್ಮನೆ ಕೇಳುತ್ತಿದ್ದವರು, "ತೋಡಿಗೆ ಗೂಟ ಹೊಡೆದ ಹಾಗೆ ಅಲ್ವಾ ಡಾಕ್ಟ್ರೇ? ಕಸ ಬಂದು ಸಿಕ್ಕಿಕೊಳ್ತದೆ" ಎಂದರು.

"ಹೌದು. ಗೂಟ ತೆಗೆದರೂ ಕಸ ಅಲ್ಲೇ ಉಂಟು ಮಾರಾಯ್ರೆ."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಲೈನನ್ನು ಬೈಯಲೂ ಆಗುವುದಿಲ್ಲ. ಬಿಪಿ ಪಾತಾಳಕ್ಕೆ ಇಳಿದಾಗ ಏರಿಸುವ ಔಷಧಿ ಹೋದದ್ದು ಅದರಲ್ಲೇ. ಕೋಪ ಬಂದದ್ದು ಡಿಸ್ಚಾರ್ಜ್ ಕಾಗದದ ಮೇಲೆ. ಮೂತ್ರ ಅಳೆಯಿರಿ, ಉಪ್ಪು ಕಡಿಮೆ ಮಾಡಿ, ಎಲ್ಲ ಉಂಟು. ಲೈನ್ ಹಾಕಿದ ಬದಿಯ ಕೈ, ಕುತ್ತಿಗೆ ಬಾತರೆ ತಕ್ಷಣ ಬನ್ನಿ ಅಂತ ಒಂದು ಸಾಲು ಬರೆಯಲು ಎಷ್ಟು ಶಾಯಿ ಬೇಕಿತ್ತು? ಅತ್ತೆ ಎಣ್ಣೆ ತಿಕ್ಕುತ್ತಿರಲಿಲ್ಲ.

ಈಗ ಹೊಟ್ಟೆಗೆ ದಿನಕ್ಕೆರಡು ಇಂಜೆಕ್ಷನ್. ಆಮೇಲೆ ಮಾತ್ರೆ, ಕಡಿಮೆಯೆಂದರೆ ಮೂರು ತಿಂಗಳು. ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋಗುವುದೂ ಉಂಟು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಗಂಟೆ ನೋಡದೆ ಬರಬೇಕು. ಇದನ್ನು ಅತ್ತೆಗೆ ಹೇಳುವಾಗ ಅವರು ಮಾವನಿಗೆ ಗಂಜಿ ಬಡಿಸುತ್ತಿದ್ದರು. ಸೌಟು ಅಲ್ಲೇ ನಿಂತಿತು. "ನಾನು ತಿಕ್ಕಿದ್ದರಿಂದ ಎಂತಾದರೂ..."

ಇಲ್ಲ ಅತ್ತೆ ಅಂದೆ. ಡಾಕ್ಟರ್ ಹತ್ತಿರ ನಾನು ಅದನ್ನು ಕೇಳಿಯೇ ಇರಲಿಲ್ಲ.

ರಾತ್ರಿ ಹನ್ನೊಂದು. ಮಳೆ ಮತ್ತೆ ಹಿಡಿದಿದೆ. ಮಾವನ ಉಂಗುರ ನನ್ನ ಶರ್ಟಿನ ಜೇಬಿನಲ್ಲೇ ಉಳಿದಿದೆ. ಫೋನ್ ಮಾಡಿ ಹೇಳೋಣವೆಂದರೆ, ಈ ಹೊತ್ತಿಗೆ ಫೋನ್ ಹೊಡೆದರೆ ಅತ್ತೆ ಏನೆಂದುಕೊಳ್ಳುತ್ತಾರೋ